ಕಲಬುರಗಿ ಕಡೆಯಿಂದ ಟ್ರಾಲರ್ ಬದುಕಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇದ್ದುಕೊಂಡೇ ನೀರಿನ ಮೇಲೆ ಸಂಸಾರ ಹೂಡುವ ಯೋಚನೆ ಮಾಡುತ್ತಿರುವವರಿಗಾಗಿ ಈ ಪುಟ. ಕೇಳುವವರಲ್ಲಿ ನಿವೃತ್ತಿ ಹತ್ತಿರ ಬಂದ ದಂಪತಿಗಳೇ ಹೆಚ್ಚು. ನಮ್ಮದು ಒಂದೇ ಒತ್ತಾಯ: ಮನೆ ಮಾರಿ ದೋಣಿ ಕೊಳ್ಳಬೇಡಿ. ಒಂದೊಂದೇ ಮೆಟ್ಟಿಲು ಇಳಿಯಿರಿ, ಪ್ರತಿ ಮೆಟ್ಟಿಲಿನಿಂದಲೂ ವಾಪಸ್ ಹತ್ತುವ ದಾರಿ ಇಟ್ಟುಕೊಳ್ಳಿ.

ಟ್ರಾಲರ್ ಅಂದ್ರ ಮಲ್ಪಿ, ಮಂಗಳೂರಾಗ ಮೀನು ಹಿಡಿಯೋ ಬೋಟ್ ಅಲ್ಲೇನ್ರಿ?

ಹೆಸರು ಅಲ್ಲಿಂದಲೇ ಬಂದದ್ದು. ಇಲ್ಲಿ ಹೇಳುತ್ತಿರುವುದು ಆ ಮೀನುದೋಣಿಯ ಮೈಕಟ್ಟನ್ನೇ ಹೋಲುವ ವಾಸದ ದೋಣಿಯ ಬಗ್ಗೆ. ತಳ ಆಳ, ಹೊಟ್ಟೆ ದುಂಡು, ಒಂದು ಅಥವಾ ಎರಡು ಡೀಸೆಲ್ ಎಂಜಿನ್. ಒಳಗೆ ಮಲಗುವ ಕೋಣೆ, ಅಡುಗೆಕಟ್ಟೆ, ಶೌಚಾಲಯ, ಚುಕ್ಕಾಣಿ ಕೋಣೆ. ಸ್ಪೀಡ್‌ಬೋಟ್ ನೀರಿನ ಮೇಲೆ ಎದ್ದು ಓಡಿದರೆ ಇದು ನೀರನ್ನು ಸರಿಸಿಕೊಂಡು ನಡೆಯುತ್ತದೆ. ಆದ್ದರಿಂದ ನಿಧಾನ, ಆದ್ದರಿಂದಲೇ ಡೀಸೆಲ್ ಉಳಿತಾಯ.

ಹಳೇ ಮೀನಿನ ಬೋಟ್ ಅಗ್ಗಕ್ಕ ಸಿಗ್ತದ. ಅದನ್ನೇ ಮನಿ ಮಾಡ್ಕೋಬಹುದೇನು?

ಬೇಡ. ಮೀನು ತುಂಬುವ ಗುಂಡಿಗೆ ಮರದ ನೆಲ ಹಾಸಿದ ಮಾತ್ರಕ್ಕೆ ಅದು ಕೋಣೆಯಾಗುವುದಿಲ್ಲ. ಆ ದೋಣಿ ಟನ್‌ಗಟ್ಟಲೆ ಐಸು, ಮೀನು ಹೊತ್ತಾಗ ಸ್ಥಿರವಾಗಿ ನಿಲ್ಲುವಂತೆ ಕಟ್ಟಿದ್ದು. ಆ ಭಾರ ತೆಗೆದು ಮೇಲೆ ಕೋಣೆ ಕಟ್ಟಿದರೆ ತೂಕದ ಕೇಂದ್ರ ಮೇಲಕ್ಕೇರಿ ಅಲೆಗೆ ಅಪಾಯಕರವಾಗಿ ವಾಲುತ್ತದೆ. ನೋಂದಣಿಯೂ ಮೀನುಗಾರಿಕೆ ದೋಣಿ ಎಂದೇ ಇರುತ್ತದೆ, ಅದನ್ನು ಬದಲಾಯಿಸುವುದು ಬೇರೆಯೇ ಓಡಾಟ.

ಒಟ್ಟು ಎಷ್ಟು ವರ್ಷ ಹಿಡಿತದ?

ನಾಲ್ಕು ವರ್ಷ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಊರಲ್ಲೇ ಕಲಿಕೆ. ಎರಡನೇ ವರ್ಷ ತರಬೇತಿ, ಜೊತೆಗೆ ಕನಿಷ್ಠ ಮೂರು ಸಲ ಬಾಡಿಗೆ ದೋಣಿಯಲ್ಲಿ ವಾಸ. ಇದರಲ್ಲಿ ಒಂದು ವಾರವಾದರೂ ಮಳೆಗಾಳಿಯದಾಗಿರಲಿ. ಬರೀ ಒಳ್ಳೆಯ ಹವೆಯಲ್ಲಿ ನೋಡಿ ಬಂದವರೇ ಆಮೇಲೆ ದೋಣಿ ಮಾರುತ್ತಾರೆ. ಮೂರನೇ ವರ್ಷ ದೋಣಿ ಕೊಂಡು ಮರೀನಾದಲ್ಲಿ (ಬಾಡಿಗೆಗೆ ದೋಣಿ ಕಟ್ಟಿಡುವ ಪುಟ್ಟ ಬಂದರು) ಕಟ್ಟಿ, ಹೋಗಿ ಬಂದು ಇರುವುದು: ಮೊದಲು ಹದಿನೈದು ದಿನ, ಆಮೇಲೆ ಒಂದು ತಿಂಗಳು, ಆಮೇಲೆ ಮೂರು ತಿಂಗಳು. ನಾಲ್ಕನೇ ವರ್ಷ ಒಂದು ಪೂರ್ತಿ ಹಂಗಾಮು ದೋಣಿಯಲ್ಲಿ, ಮಳೆಗಾಲಕ್ಕೆ ಮನೆಗೆ.

ಕೈಯಲ್ಲಿ ಹಣ ಇದೆ ಎಂದು ಎರಡನೇ ವರ್ಷ ಬಿಟ್ಟು ಮೂರಕ್ಕೆ ಹಾರಬೇಡಿ. ತಪ್ಪು ದೋಣಿ ಕೊಳ್ಳುವುದು ಆ ಜಿಗಿತದಲ್ಲೇ.

ನಮ್ ಕಡಿ ಬರೇ ಬಿಸಿಲು, ತೊಗರಿ ಹೊಲ. ಸಮುದ್ರ ಇಲ್ದ ಊರಾಗ ಏನ್ ಕಲಿಯಕ್ಕಾಗ್ತದ?

ಅರ್ಧಕ್ಕಿಂತ ಹೆಚ್ಚು ಇಲ್ಲೇ ಕಲಿಯಬಹುದು. ದೋಣಿಯ ಬದುಕಿನಲ್ಲಿ ಅಲೆಗಿಂತ ಹೆಚ್ಚು ಸಮಯ ತಿನ್ನುವುದು ಎಂಜಿನ್, ಬ್ಯಾಟರಿ, ಪಂಪು, ಪೈಪು.

ಎಂಜಿನ್‌ನಿಂದ ಶುರುಮಾಡಿ. ಟ್ರ್ಯಾಕ್ಟರ್ ರಿಪೇರಿ ಮಾಡುವ ಒಳ್ಳೆಯ ಮೇಸ್ತ್ರಿ ಹತ್ತಿರ ಎರಡು ತಿಂಗಳು, ವಾರಕ್ಕೆ ಎರಡು ದಿನ ಹೋಗಿ. ಆಯಿಲ್ ಬದಲಿಸುವುದು, ಡೀಸೆಲ್ ಫಿಲ್ಟರ್ ಬದಲಿಸುವುದು, ಬೆಲ್ಟ್ ಬಿಗಿ ನೋಡುವುದು, ಏರ್ ಹಿಡಿದರೆ ಬಿಡಿಸುವುದು ನಿಮ್ಮ ಕೈಯಿಂದಲೇ ಆಗಬೇಕು. ದೋಣಿಯ ಡೀಸೆಲ್ ಎಂಜಿನ್‌ಗಳಲ್ಲಿ ಎಷ್ಟೋ ಟ್ರ್ಯಾಕ್ಟರ್, ಲಾರಿ ಎಂಜಿನ್‌ಗಳನ್ನೇ ಸಮುದ್ರಕ್ಕೆ ಹೊಂದಿಸಿದವು. ತಂಪು ಮಾಡುವ ವ್ಯವಸ್ಥೆ ಮತ್ತು ಹೊಗೆ ಕೊಳವೆ ಮಾತ್ರ ಬೇರೆ.

ಆಮೇಲೆ ನೀರು. ಮನೆಯ ನಲ್ಲಿ ಬಂದ್ ಮಾಡಿ, 200 ಲೀಟರಿನ ಒಂದು ಡ್ರಮ್ ತುಂಬಿಡಿ. ಅಡುಗೆ, ಸ್ನಾನ, ಪಾತ್ರೆ ಎಲ್ಲಾ ಅದರಿಂದಲೇ. ಶೌಚಕ್ಕೆ ಬೇರೆ ನೀರು ಬಳಸಿ, ದೋಣಿಯಲ್ಲಿ ಅದಕ್ಕೆ ಸಮುದ್ರದ ನೀರೇ ಸಾಕು. ಇಬ್ಬರಿಗೆ ಡ್ರಮ್ ಎಷ್ಟು ದಿನ ಬಂತೆಂದು ಬರೆದಿಡಿ. ಮೊದಲ ಸಲ ಒಂದೂವರೆ ದಿನಕ್ಕೆ ತಳ ಕಂಡರೆ ಗಾಬರಿ ಬೇಡ. ದಿನಕ್ಕೆ ಇಬ್ಬರಿಗೂ ಸೇರಿ 40 ಲೀಟರಿಗೆ ಇಳಿಸಿದರೆ 800 ಲೀಟರ್ ಟ್ಯಾಂಕು 20 ದಿನ ಬರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕೊಡ ಎಣಿಸಿ ಬಳಸಿದ ಮನೆಗಳಿಗೆ ಈ ಪಾಠ ಬೇಗ ಹತ್ತುತ್ತದೆ.

ಮೂರನೆಯದು ಜಾಗ. ಮನೆಯ ಒಂದೇ ಕೋಣೆಯಲ್ಲಿ ಒಂದು ತಿಂಗಳು ಇದ್ದು ನೋಡಿ. ಒಂದು ಟ್ರಂಕಿನಲ್ಲಿ ಹಿಡಿಯುವಷ್ಟೇ ಬಟ್ಟೆ, ಎರಡು ಬರ್ನರ್ ಒಲೆ, ಒಂದು ಕುಕ್ಕರ್. ಯಾವುದಕ್ಕೆ ಮೊದಲು ಸಿಟ್ಟು ಬರುತ್ತದೆ ಎಂಬುದು ಆ ತಿಂಗಳಲ್ಲಿ ತಿಳಿಯುತ್ತದೆ. ದೋಣಿ ಆರಿಸುವಾಗ ಆ ತಿಳಿವಳಿಕೆ ಬೇಕು.

ಭೀಮಾ ನದಿ, ಕಾರಂಜಾ ಡ್ಯಾಮ್, ನಾರಾಯಣಪುರದಾಗ ಪ್ರಾಕ್ಟೀಸ್ ಮಾಡಬಹುದೇನು?

ರಾಷ್ಟ್ರೀಯ ಜಲಮಾರ್ಗ ಕಾಯ್ದೆ, 2016ರ ಪಟ್ಟಿಯಲ್ಲಿ ಭೀಮಾ ನದಿಯ ಹೆಸರಿದೆ. ಆದರೆ ಪಟ್ಟಿಯಲ್ಲಿ ಇರುವುದೇ ಬೇರೆ, ದೋಣಿ ಓಡುವುದೇ ಬೇರೆ. ಬ್ಯಾರೇಜುಗಳು ದಾರಿ ಕಟ್ಟುತ್ತವೆ, ಬೇಸಿಗೆಯಲ್ಲಿ ಬಂಡೆ ಮೇಲೆದ್ದಿರುತ್ತವೆ. ಜಲಾಶಯಗಳಲ್ಲಿ ದೋಣಿ ಇಳಿಸಲು ಅನುಮತಿ ಬೇಕು. ಕೃಷ್ಣಾ, ಭೀಮಾದಲ್ಲಿ ಮೊಸಳೆ ಇವೆ, ಈಜಿನ ಅಭ್ಯಾಸ ಅಲ್ಲಿ ಬೇಡವೇ ಬೇಡ. ಈಜುಕೊಳಕ್ಕೆ ಹೋಗಿ.

ಈಜು ಬರಲೇಬೇಕೇನು?

ಇಬ್ಬರಿಗೂ ಬರಲೇಬೇಕು. ಬಟ್ಟೆ ತೊಟ್ಟು 50 ಮೀಟರ್ ಈಜಬೇಕು, ಹತ್ತು ನಿಮಿಷ ಒಂದೇ ಕಡೆ ತೇಲಬೇಕು. ಅಷ್ಟಾದ ಮೇಲೂ ಡೆಕ್ (ದೋಣಿಯ ಮೇಲ್ನೆಲ) ಮೇಲೆ ಲೈಫ್ ಜಾಕೆಟ್ ತೊಟ್ಟೇ ಓಡಾಡಿ.

ತರಬೇತಿ ಎಲ್ಲಿ ಸಿಗ್ತದ?

ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಪವರ್‌ಬೋಟ್ ನಡೆಸುವುದು, ಜೀವರಕ್ಷಣೆ ಎರಡಕ್ಕೂ ಅಲ್ಲಿ ತರಗತಿಗಳಿವೆ. ವಿಜಯಪುರ, ಬೆಳಗಾವಿ ಮೇಲೆ ರಸ್ತೆಯಲ್ಲೇ ಹೋಗಬಹುದು. ಹೊರದೇಶದಲ್ಲಿ ದೋಣಿ ಬಾಡಿಗೆಗೆ ಹಿಡಿಯುವ ಆಲೋಚನೆ ಇದ್ದರೆ ಮುಂದೆ ಅಂತರರಾಷ್ಟ್ರೀಯ ಸಾಮರ್ಥ್ಯ ಪತ್ರ (ದೋಣಿ ನಡೆಸಲು ಬರುತ್ತದೆ ಎಂಬ ಪ್ರಮಾಣಪತ್ರ) ಕೊಡಿಸುವ ಕೋರ್ಸ್ ಮಾಡಿಕೊಳ್ಳಿ. ಫ್ರಾನ್ಸಿನ ಕಾಲುವೆಗಳಲ್ಲಿ ಬಾಡಿಗೆ ದೋಣಿಗಳನ್ನು ಪರವಾನಗಿ ಇಲ್ಲದವರಿಗೂ ಸ್ವಲ್ಪ ಪಾಠ ಹೇಳಿ ಕೊಡುತ್ತಾರೆ. ಅಲೆ ಇಲ್ಲದ ನೀರಿನಲ್ಲಿ ಲಾಕ್ (ನೀರು ಏರಿಸಿ ಇಳಿಸಿ ದೋಣಿಯನ್ನು ಬೇರೆ ಮಟ್ಟಕ್ಕೆ ಒಯ್ಯುವ ಕಾಲುವೆಯ ಬಾಗಿಲುಕಟ್ಟೆ) ದಾಟುವುದು, ಹಗ್ಗ ಹಿಡಿಯುವುದು, ದಡಕ್ಕೆ ತಾಗಿಸುವುದು ಕಲಿಯಲು ಅದು ಚೆನ್ನ. ಅಲಪ್ಪುಳದ ಹೌಸ್‌ಬೋಟ್ ಇದಕ್ಕೆ ಸಮವಲ್ಲ. ಅಲ್ಲಿ ನಡೆಸುವವರೂ ಅಡುಗೆಯವರೂ ಬೇರೆ, ನೀವು ಅತಿಥಿ.

ಎಷ್ಟು ಉದ್ದದ ದೋಣಿ, ಎಷ್ಟು ಡೀಸೆಲ್?

ಇಬ್ಬರಿಗೆ 36ರಿಂದ 42 ಅಡಿ. ಅದಕ್ಕಿಂತ ದೊಡ್ಡದಾದರೆ ಮರೀನಾ ಬಾಡಿಗೆ, ಬಣ್ಣ, ಲಂಗರು ಎಲ್ಲದರ ಖರ್ಚೂ ಏರುತ್ತದೆ, ಇಬ್ಬರ ಕೈಗೆ ಹಗ್ಗವೂ ಭಾರವಾಗುತ್ತದೆ.

ವೇಗದ ಲೆಕ್ಕ ಹೀಗೆ: ನೀರನ್ನು ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 36 ಅಡಿಗೆ 6 ಗುಣಿಸು 1.34, ಅಂದರೆ 8 ನಾಟ್ (ಗಂಟೆಗೆ 8 ನಾಟಿಕಲ್ ಮೈಲು, ಅಂದರೆ ಸಮುದ್ರದ ಮೈಲು). ಇದು ಮಿತಿ, ಗಂಟೆಗೆ 15 ಕಿಲೋಮೀಟರ್ ಹತ್ತಿರ. ಇದನ್ನು ಮೀರಲು ಹೊರಟರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ, ಡೀಸೆಲ್ ಎರಡುಪಟ್ಟು ಕುಡಿಯುತ್ತದೆ. 7 ನಾಟ್‌ನಲ್ಲಿ ಒಂದೇ ಎಂಜಿನ್‌ನ ಇಂಥ ದೋಣಿ ಗಂಟೆಗೆ 7–8 ಲೀಟರ್ ತೆಗೆದುಕೊಳ್ಳುತ್ತದೆ. ಮಂಗಳೂರಿನಿಂದ ಕೊಚ್ಚಿ ಸುಮಾರು 200 ನಾಟಿಕಲ್ ಮೈಲು. ಅಷ್ಟಕ್ಕೆ 28–29 ಗಂಟೆ, 220 ಲೀಟರ್ ಆಸುಪಾಸು. ಗಾಳಿ ಎದುರಾದರೆ ಹೆಚ್ಚು. ಟ್ಯಾಂಕಿನ ಮೂರನೇ ಒಂದು ಪಾಲು ಮೀಸಲೆಂದು ಮುಟ್ಟದೇ ಇಡಿ.

ಹಳೇ ದೋಣಿ ತೊಗೊಳ್ಳುವಾಗ ಏನ್ ನೋಡಬೇಕು?

ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಸ್ವತಂತ್ರ ಸರ್ವೇಯರ್ (ದೋಣಿ ಪರೀಕ್ಷಿಸುವ ತಜ್ಞ) ಕೈಯಲ್ಲಿ ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ. ಆ ಸರ್ವೇಯರ್ ಮಾರುವವರು ಕರೆತಂದವರಾಗಿರಬಾರದು.

1970–80ರ ದಶಕದಲ್ಲಿ ತೈವಾನಿನಲ್ಲಿ ಕಟ್ಟಿದ ಫೈಬರ್‌ಗ್ಲಾಸ್ ಟ್ರಾಲರ್‌ಗಳು ಹಳೆ ಮಾರುಕಟ್ಟೆಯಲ್ಲಿ ಇನ್ನೂ ಬೇಕಾದಷ್ಟಿವೆ. ಅವುಗಳ ರೋಗ ಮುಖ್ಯವಾಗಿ ಎರಡು. ಮೊದಲನೆಯದು ತೇಗದ ಡೆಕ್. ಹಲಗೆಗಳನ್ನು ನೂರಾರು ಸ್ಕ್ರೂ ಹೊಡೆದು ಕೂರಿಸಿರುತ್ತಾರೆ. ಮೇಲಿನ ಮುಚ್ಚಳಿಕೆ ಸವೆದ ಮೇಲೆ ಪ್ರತಿ ಸ್ಕ್ರೂವಿನ ಗುಂಟ ನೀರು ಇಳಿದು ಒಳಪದರದ ಮರ ಕೊಳೆಯುತ್ತದೆ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಅಡಿ ಅಡಿಗೂ ತಟ್ಟಿ ಕೇಳಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ಹಸಿ ಗೋಡೆ ತಟ್ಟಿದಂತೆ ದಪ್ ಎನ್ನುತ್ತದೆ. ಎರಡನೆಯದು ಕಬ್ಬಿಣದ ಡೀಸೆಲ್ ಟ್ಯಾಂಕು. ಡೆಕ್‌ನ ತೂತಿನಿಂದ ಸೋರಿದ ನೀರು ಟ್ಯಾಂಕಿನ ತಲೆಯ ಮೇಲೆ ನಿಂತು ತುಕ್ಕು ಹಿಡಿಸುತ್ತದೆ. ಟ್ಯಾಂಕು ಬದಲಿಸಲು ಎಂಜಿನ್ ಎತ್ತಬೇಕು, ಇಲ್ಲವೇ ದೋಣಿಯನ್ನೇ ಕೊಯ್ಯಬೇಕು. ಈ ಎರಡೂ ರೋಗ ಇದ್ದರೆ ಆ ದೋಣಿ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.

ನೀರಿಗಿಳಿಸಿದ ಮೇಲೆ ಹತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ. ಎಂಜಿನ್ ತನ್ನ ನಿಗದಿತ ಆರ್‌ಪಿಎಂ ಮುಟ್ಟಬೇಕು, ಉಷ್ಣತೆ ಏರುತ್ತಲೇ ಹೋಗಬಾರದು. ಬೆಳಿಗ್ಗೆ ನೀವು ಬರುವ ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ಹೊಗೆಯ ಬಣ್ಣ ನಿಜ ಹೇಳುವುದು.

ಎಂಜಿನ್ ಹೆಚ್ಚಾಗಿ ಕೈ ಕೊಡೋದು ಎಲ್ಲಿ?

ಎರಡು ಕಡೆ: ತಂಪು ಮಾಡುವ ನೀರಿನಲ್ಲಿ, ಡೀಸೆಲ್‌ನಲ್ಲಿ.

ಸಮುದ್ರದ ನೀರನ್ನು ಒಳಗೆಳೆಯುವ ಪಂಪಿನಲ್ಲಿ ರಬ್ಬರಿನ ಇಂಪೆಲ್ಲರ್ ಇರುತ್ತದೆ, ಅಂಗೈಯಲ್ಲಿ ಹಿಡಿಯುವ ಹೂವಿನಂಥದ್ದು. ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೆ ಎಸಳು ಸುಟ್ಟು ಹರಿಯುತ್ತವೆ. ವರ್ಷಕ್ಕೊಮ್ಮೆ ಬದಲಿಸಿ, ಎರಡು ಹೊಸವು ದೋಣಿಯಲ್ಲೇ ಇರಲಿ. ಕೆಲಸದ ಕ್ರಮ: ನೀರು ಬರುವ ವಾಲ್ವ್ ಬಂದ್ ಮಾಡಿ, ಎಂಜಿನ್ ಕೀಲಿ ತೆಗೆದು ಆ ವಾಲ್ವ್‌ನ ಹಿಡಿಗೇ ತೂಗುಹಾಕಿ. ಪಂಪಿನ ಮುಚ್ಚಳದ ಸ್ಕ್ರೂ ಬಿಚ್ಚಿ ಇಂಪೆಲ್ಲರ್ ಎಳೆಯಿರಿ, ಎಸಳು ಎಣಿಸಿ. ಒಂದು ಕಡಿಮೆ ಇದ್ದರೆ ಆ ತುಂಡು ಹೀಟ್ ಎಕ್ಸ್‌ಚೇಂಜರ್ (ಎಂಜಿನ್‌ನ ಬಿಸಿಯನ್ನು ಸಮುದ್ರದ ನೀರಿಗೆ ಬಿಡುವ ಭಾಗ) ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ, ಅದು ಸಿಗುವವರೆಗೆ ಮುಂದಕ್ಕೆ ಹೋಗಬೇಡಿ. ಹೊಸದಕ್ಕೆ ಗ್ಲಿಸರಿನ್ ಸವರಿ, ಪಂಪು ತಿರುಗುವ ಕಡೆಗೇ ಎಸಳು ಬಾಗಿಸಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿ. ಈಗ ಕೀಲಿ ಬೇಕೆಂದರೆ ಕೈ ವಾಲ್ವ್ ಹತ್ತಿರವೇ ಹೋಗಬೇಕು, ಹೋದಾಗ ತೆರೆಯುತ್ತೀರಿ. ಈ ಸಣ್ಣ ಉಪಾಯ ಬಿಟ್ಟವರು ಹೊಸ ಇಂಪೆಲ್ಲರನ್ನೂ ಅದೇ ದಿನ ಸುಡುತ್ತಾರೆ. ಸ್ಟಾರ್ಟ್ ಮಾಡಿದೊಡನೆ ಹಿಂದಕ್ಕೆ ಹೋಗಿ ಹೊಗೆ ಕೊಳವೆಯಿಂದ ನೀರು ಉಗುಳುತ್ತಿದೆಯೇ ನೋಡಿ.

ಡೀಸೆಲ್ ಕೆಡುವುದು ನೀರಿನಿಂದ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ತೇವ ಹನಿಗಟ್ಟಿ ತಳ ಸೇರುತ್ತದೆ. ಆ ನೀರು, ಡೀಸೆಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಾಣು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ದಡದಲ್ಲಿ ನಿಂತಾಗ ಅದು ತಳದಲ್ಲೇ ಇರುತ್ತದೆ, ಮೊದಲ ದೊಡ್ಡ ಅಲೆಗೆ ಎದ್ದು ಫಿಲ್ಟರ್ ಕಟ್ಟುತ್ತದೆ. ಹೀಗಾಗಿ ಎಂಜಿನ್ ನಿಲ್ಲುವುದು ನಿಲ್ಲಬಾರದ ಹೊತ್ತಿನಲ್ಲೇ. ಬಿಟ್ಟು ಊರಿಗೆ ಬರುವಾಗ ಟ್ಯಾಂಕು ತುಂಬಿಸಿ ಬನ್ನಿ, ನೀರು ಬೇರೆ ಮಾಡುವ ಫಿಲ್ಟರಿನ ಗಾಜಿನ ಬಟ್ಟಲನ್ನು ಪ್ರತಿ ದಿನ ನೋಡಿ. ಫಿಲ್ಟರ್ ಅರ್ಧ ಡಜನ್ ಇರಲಿ.

ಕರೆಂಟಿನ ಲೆಕ್ಕ ಹ್ಯಾಂಗ?

ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ನಿಮಗೆ ಗೊತ್ತು. ಅದರಲ್ಲಿ ಅರ್ಧವನ್ನಷ್ಟೇ ಬಳಸಿದರೆ ಬಾಳಿಕೆ, ಪೂರ್ತಿ ಹಿಂಡಿದರೆ ಬೇಗ ಸಾಯುತ್ತದೆ. ದೋಣಿಯಲ್ಲೂ ಅದೇ ನಿಯಮ. 12 ವೋಲ್ಟ್‌ನಲ್ಲಿ ದಿನಕ್ಕೆ ಫ್ರಿಜ್‌ಗೆ 60 ಆಂಪಿಯರ್-ಅವರ್, ಫ್ಯಾನುಗಳಿಗೆ 25, ದೀಪಕ್ಕೆ 10, ನೀರಿನ ಪಂಪಿಗೆ 5, ಫೋನು ಲ್ಯಾಪ್‌ಟಾಪಿಗೆ 20, ಲಂಗರು ದೀಪ ಮತ್ತು ರೇಡಿಯೊಗೆ 10 ಎಂದು ಹಿಡಿಯಿರಿ. ಒಟ್ಟು 130, ಅಂದರೆ ಸುಮಾರು ಒಂದೂವರೆ ಯೂನಿಟ್. ಎರಡು ದಿನ ಮೋಡ ಕವಿದರೂ ನಡೆಯಬೇಕೆಂದರೆ ಸೀಸದ ಬ್ಯಾಟರಿ 520, ಅರ್ಧಕ್ಕಿಂತ ಹೆಚ್ಚು ಬಳಸಬಹುದಾದ ಲಿಥಿಯಂ ಫಾಸ್ಫೇಟ್ ಆದರೆ ಸುಮಾರು 330 ಸಾಕು. ಚಪ್ಪಟೆ ಕೂರಿಸಿದ 800 ವಾಟ್ ಸೋಲಾರ್ ಒಳ್ಳೆಯ ಬಿಸಿಲಿನ ದಿನ ಮೂರು ಯೂನಿಟ್‌ನಷ್ಟು ಕೊಡುತ್ತದೆ, ಈ ಖರ್ಚನ್ನು ದಾಟುತ್ತದೆ.

ಎಸಿ ಈ ಲೆಕ್ಕದಲ್ಲಿಲ್ಲ. ರಾತ್ರಿಯಿಡೀ ಎಸಿ ಬೇಕೆಂದರೆ ಇನ್ನೂ ಐದಾರು ಯೂನಿಟ್, ಅಂದರೆ ಜನರೇಟರ್. ಕಲಬುರಗಿಯ 43 ಡಿಗ್ರಿ ಕಂಡವರು ಸಮುದ್ರದ 32 ಡಿಗ್ರಿ ಏನು ಮಹಾ ಎಂದುಕೊಳ್ಳುತ್ತಾರೆ. ನಮ್ಮದು ಒಣ ಬಿಸಿಲು, ಅಲ್ಲಿಯದು ಬೆವರು ಆರದ ಸೆಕೆ. ಹಾಸಿಗೆಯ ಮೇಲೊಂದು ಫ್ಯಾನು, ತಲೆಯ ಮೇಲೆ ತೆರೆಯುವ ಕಿಂಡಿ ಇರುವ ದೋಣಿಯನ್ನೇ ಆರಿಸಿ.

ಲಂಗರು ಹಾಕಿ ನಿದ್ದಿ ಮಾಡಬಹುದೇನು?

ಲೆಕ್ಕ ಸರಿ ಇದ್ದರೆ ಮಾಡಬಹುದು. ಲಂಗರಿನ ಬಲ ಸರಪಳಿ ನೆಲಕ್ಕೆ ಒರಗಿ ಎಳೆಯುವುದರಲ್ಲಿದೆ. ಆಳ 4 ಮೀಟರ್, ದೋಣಿಯ ಮೂತಿ ನೀರಿನಿಂದ ಒಂದೂವರೆ ಮೀಟರ್ ಎತ್ತರ, ಉಬ್ಬರಕ್ಕೆ ನೀರು ಏರುವುದು 2 ಮೀಟರ್: ಒಟ್ಟು 7.5. ಅದರ ಐದುಪಟ್ಟು ಸರಪಳಿ ಬಿಡಬೇಕು, ಅಂದರೆ 38 ಮೀಟರ್. ಗಾಳಿ ಎದ್ದರೆ ಏಳುಪಟ್ಟು, 53 ಮೀಟರ್. ಉಬ್ಬರ ಸೇರಿಸಲು ಮರೆತರೆ ನಡುರಾತ್ರಿ ಲಂಗರು ಕೀಳುತ್ತದೆ. ಮಂಗಳೂರಿನಲ್ಲಿ ಉಬ್ಬರ ಕಡಿಮೆ, ಮುಂಬೈಯಲ್ಲಿ 4–5 ಮೀಟರ್ ತನಕ. 40 ಅಡಿ ದೋಣಿಗೆ 25 ಕಿಲೋ ಲಂಗರು, 10 ಮಿಲಿಮೀಟರ್ ಸರಪಳಿ 70 ಮೀಟರ್ ಇರಲಿ. ಹಾಕಿದ ಮೇಲೆ ಎಂಜಿನ್ ಹಿಂದಕ್ಕೆ ಕೊಟ್ಟು ಎಳೆದು, ದಡದ ಎರಡು ಗುರುತು ಒಂದರ ಹಿಂದೊಂದು ಕದಲದೆ ನಿಂತಿವೆಯೇ ನೋಡಿ.

ಒಳಗ ನೀರು ಬಂದ್ರ?

ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 5 ಸೆಂಟಿಮೀಟರಿನ ಪೈಪು ಕಿತ್ತರೆ ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ನುಗ್ಗುತ್ತದೆ. ತಳದಲ್ಲಿ ನಿಂತ ನೀರನ್ನು ಹೊರಹಾಕುವ ಸಾಮಾನ್ಯ ಬಿಲ್ಜ್ ಪಂಪು ಅದಕ್ಕೆ ಸಾಟಿಯಲ್ಲ. ಅದಕ್ಕೇ ಪ್ರತಿ ವಾಲ್ವ್ ಪಕ್ಕ ಅದೇ ಅಳತೆಯ ಮೆದು ಮರದ ಬಿರಡೆ ದಾರದಲ್ಲಿ ಕಟ್ಟಿಡುತ್ತಾರೆ, ಬಡಿದು ಮುಚ್ಚಲು. ವಾಲ್ವ್‌ಗಳನ್ನು ತಿಂಗಳಿಗೊಮ್ಮೆ ತಿರುಗಿಸದಿದ್ದರೆ ಬೇಕಾದಾಗ ಅಲುಗುವುದಿಲ್ಲ. ಅಪಾಯದ ಕರೆಗೆ ವಿಎಚ್‌ಎಫ್ ರೇಡಿಯೊದ (ದೋಣಿಗಳು ಮಾತಾಡಿಕೊಳ್ಳುವ ರೇಡಿಯೊ) 16ನೇ ಚಾನೆಲ್, ದಡ ಹತ್ತಿರವಿದ್ದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆ, ಇವೆರಡನ್ನೂ ಚುಕ್ಕಾಣಿ ಎದುರು ದೊಡ್ಡ ಅಕ್ಷರದಲ್ಲಿ ಅಂಟಿಸಿ. ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಅಪಾಯ ಸೂಚಕವನ್ನೂ ಕೊಂಡು ನೋಂದಾಯಿಸಿ. ಭಾರತದಲ್ಲಿ ಅದರ ಸಂಕೇತ ಹಿಡಿಯುವ ಕೇಂದ್ರ ಬೆಂಗಳೂರಿನಲ್ಲಿ ಇಸ್ರೋದ್ದು. ಸ್ಯಾಟಲೈಟ್ ಫೋನನ್ನು ಮಾತ್ರ ಅನುಮತಿ ಇಲ್ಲದೆ ಭಾರತದ ನೀರಿಗೆ ತರಬೇಡಿ, ಅದು ಅಪರಾಧ.

ಊಟದ್ದು ಹ್ಯಾಂಗ?

ಇದರಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ತೊಗರಿ ಬೇಳೆ: ಯಾವುದಕ್ಕೂ ಫ್ರಿಜ್ ಬೇಡ. ಎಂಜಿನ್ ಓಡುವಾಗ, ದೋಣಿ ಹೊಯ್ದಾಡುವಾಗ ಒಲೆ ಹಚ್ಚದೆಯೇ ಒಂದು ಊಟ ಸಾಗುತ್ತದೆ. ಆದರೆ ಸಮುದ್ರದ ಗಾಳಿಗೆ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಹತ್ತು ಹತ್ತು ರೊಟ್ಟಿಯ ಕಟ್ಟು ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ. ರಟ್ಟಿನ ಪೆಟ್ಟಿಗೆ ದೋಣಿಯೊಳಗೆ ತರಬೇಡಿ, ಮಡಿಕೆಗಳಲ್ಲಿ ಜಿರಲೆಯ ಮೊಟ್ಟೆ ಬರುತ್ತದೆ.

ಗ್ಯಾಸ್ ಸಿಲಿಂಡರ್ ಅಡುಗೆಕಟ್ಟೆಯ ಕೆಳಗೆ ಇಡಲೇಬಾರದು. ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನ ಕೆಳಗಿಂದಾದರೂ ಹೊರಹೋದೀತು, ದೋಣಿಯಲ್ಲಿ ತಳದ ಹೊಟ್ಟೆ ಸೇರಿ ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರಿಗೆ ಡೆಕ್ ಮೇಲೆ, ಹೊರಕ್ಕೆ ತೂತಿರುವ ಬೇರೆ ಪೆಟ್ಟಿಗೆ ಬೇಕು.

ವಾಂತಿ ಆಗ್ತದ ಅಂತಾರ?

ಮೊದಲ ಮೂರು ದಿನ ಹಲವರಿಗೆ ಆಗುತ್ತದೆ. ದುಂಡು ಹೊಟ್ಟೆಯ ದೋಣಿ ಪಕ್ಕದ ಅಲೆಗೆ ತೊಟ್ಟಿಲಿನಂತೆ ತೂಗುತ್ತದೆ. ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊರಡುವ ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ. ಶುರುವಾದ ಮೇಲೆ ನುಂಗಿ ಫಲವಿಲ್ಲ. ಕಡಲು ಆಕಾಶ ಕೂಡುವ ದೂರದ ಅಂಚನ್ನೇ ನೋಡಿ, ಒಳಗೆ ಹೋಗಿ ಮಲಗಬೇಡಿ.

ನನ್ನ ಹೆಂಡತಿಗೆ ಮನಸಿಲ್ಲ. ಏನ್ ಮಾಡ್ಲಿ?

ಹಾಗಾದರೆ ಹೊರಡಬೇಡಿ. ಇದನ್ನು ಕಡ್ಡಿ ತುಂಡು ಮಾಡಿದಂತೆ ಹೇಳುತ್ತೇವೆ. ಎಷ್ಟೋ ಸಲ ಅವರಿಗಿರುವುದು ಸಮುದ್ರದ ಭಯವಲ್ಲ, ಅವರಿಗೆ ಏನೂ ಕಲಿಸದೆ ಬರೀ ಅಡುಗೆಗೆ ಕರೆದುಕೊಂಡು ಹೋಗುತ್ತಾರೆಂಬ ಬೇಸರ. ತರಬೇತಿಗೆ ಇಬ್ಬರೂ ಹೋಗಿ, ಬೇರೆ ಬೇರೆ ತಂಡದಲ್ಲಿ ಕಲಿಯಿರಿ. ಎಂಜಿನ್ ನಿಲ್ಲಿಸುವುದು, ಲಂಗರು ಬಿಡುವುದು, ರೇಡಿಯೊದಲ್ಲಿ ಇರುವ ಜಾಗ ಹೇಳುವುದು, ನೀರಿಗೆ ಬಿದ್ದವರ ಹತ್ತಿರ ದೋಣಿ ತಿರುಗಿಸಿ ತರುವುದು ಇಬ್ಬರಿಗೂ ಒಂಟಿಯಾಗಿ ಬರಬೇಕು. ಬಿದ್ದವರು ನೀವೇ ಆಗಿರಬಹುದಲ್ಲ.

ಖರ್ಚು, ಪಿಂಚಣಿ, ಕಾಗದಪತ್ರ?

ರೂಢಿಯ ಅಂದಾಜು: ವರ್ಷಕ್ಕೆ ದೋಣಿಯ ಬೆಲೆಯ ಹತ್ತನೇ ಒಂದು ಪಾಲು ನಿರ್ವಹಣೆಗೆ. ಮೊದಲ ವರ್ಷ ಅದರ ಎರಡುಪಟ್ಟು ತೆಗೆದಿಡಿ. ತಳಕ್ಕೆ ಅಂಟುವ ಸಿಂಪಿ ತಡೆಯುವ ಬಣ್ಣ, ಪ್ರೊಪೆಲ್ಲರ್ ಬದಲು ತಾನೇ ಕರಗುವ ಸತುವಿನ ಗಟ್ಟಿ, ವಿಮೆ, ಮರೀನಾ ಬಾಡಿಗೆ ಎಲ್ಲಾ ಇದರೊಳಗೆ. ಸತುವು ಅರ್ಧ ಸವೆದಾಗಲೇ ಬದಲಿಸಬೇಕು.

ಹೊರದೇಶದಲ್ಲಿ ಕೊಳ್ಳುವುದಾದರೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸಬಹುದು. ಆ ದೋಣಿಯನ್ನು ಭಾರತಕ್ಕೆ ತಂದರೆ ಸುಂಕ, ಜಿಎಸ್‌ಟಿ ಭಾರ, ಮೊದಲೇ ಲೆಕ್ಕ ಪರಿಶೋಧಕರನ್ನು ಕೇಳಿ. ಪಿಂಚಣಿದಾರರು ನವೆಂಬರಿನ ಜೀವನ ಪ್ರಮಾಣಪತ್ರವನ್ನು ಫೋನಿನಲ್ಲೇ ಮುಖ ತೋರಿಸಿ ಕೊಡಬಹುದು, ಊರಲ್ಲಿದ್ದಾಗಲೇ ಒಮ್ಮೆ ಮಾಡಿ ರೂಢಿಸಿಕೊಳ್ಳಿ.

ಮೊದಲ ಹಂಗಾಮು ಎಲ್ಲಿ, ಯಾವಾಗ?

ಪಶ್ಚಿಮ ಕರಾವಳಿಯಲ್ಲಿ ನವೆಂಬರಿನಿಂದ ಮಾರ್ಚ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ನಿಷಿದ್ಧ, ಆ ಕಡಲಿಗೆ ವಾಸದ ದೋಣಿ ಇಳಿಸುವ ಮಾತೇ ಇಲ್ಲ. ಕೊಚ್ಚಿಯ ಬೋಲ್ಗಾಟಿ ದ್ವೀಪದ ಮರೀನಾ ಮೊದಲ ನೆಲೆಗೆ ಅನುಕೂಲ. ಪುಣೆ–ಕನ್ಯಾಕುಮಾರಿ ರೈಲು ಕಲಬುರಗಿ, ಯಾದಗಿರಿ ಮೇಲೆಯೇ ಎರ್ನಾಕುಲಂ ಕಡೆ ಹೋಗುತ್ತದೆ. ಮೊದಲ ತಿಂಗಳು ಹಗಲಷ್ಟೇ ಸಾಗಿ. ರಾತ್ರಿ ಮೀನಿನ ಬಲೆ ಪ್ರೊಪೆಲ್ಲರಿಗೆ ಸುತ್ತಿದರೆ ಎಂಜಿನ್ ನಿಲ್ಲುವುದಷ್ಟೇ ಅಲ್ಲ, ಒಬ್ಬ ಬಡ ಮೀನುಗಾರನ ಬಂಡವಾಳವೂ ಹೋಗುತ್ತದೆ.

ಮನಿ ಯಾವಾಗ ಬಾಡಿಗಿ ಕೊಡಬೇಕು?

ಎರಡನೇ ಹಂಗಾಮು ಮುಗಿದ ಮೇಲೆ. ಆಗಲೂ ಒಂದು ಕೋಣೆ ನಿಮಗೇ ಉಳಿಸಿಕೊಂಡು, ಕಾಗದಪತ್ರದ ಟ್ರಂಕು ಅಲ್ಲಿಟ್ಟು, ಕೀಲಿಯೊಂದನ್ನು ನೆರೆಯವರ ಹತ್ತಿರ ಕೊಟ್ಟಿರಿ. ಬಾಡಿಗೆ ಕರಾರು ಹನ್ನೊಂದು ತಿಂಗಳಿಗಷ್ಟೇ ಮಾಡಿ, ಅದು ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಮುಗಿಯುವಂತಿರಲಿ.